ಮಗುವಿನ ಕರುಳಿನ ಬ್ಯಾಕ್ಟೀರಿಯಾಕ್ಕೆ ಊಟ ಹಾಕುವುದು ಹೇಗೆ? ಆರು ಹಂತ, ಸುಮಾರು ಎರಡು ತಿಂಗಳು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಎಲ್ಲಿಂದಲೂ ಒಂದೇ ದೂರು. "ಸೊಪ್ಪು, ಕಾಳು, ಮೊಸರು ಎಲ್ಲ ಶುರು ಮಾಡಿದೆವು. ನಾಲ್ಕನೇ ದಿನ ಮಗುವಿಗೆ ಹೊಟ್ಟೆ ಉಬ್ಬರ, ರಾತ್ರಿಯಿಡೀ ಅಳು. ಬಿಟ್ಟುಬಿಟ್ಟೆವು." ಇನ್ನು ಕೆಲವರದ್ದು ಬೇರೆ ಕಥೆ. ಮೆಡಿಕಲಿನಿಂದ ಪ್ರೋಬಯೋಟಿಕ್ ಹುಡಿ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಹುಡಿ) ತಂದು ತಿಂಗಳುಗಟ್ಟಲೆ ಕೊಡುತ್ತಾರೆ, ಊಟ ಮಾತ್ರ ಅದೇ ಚಹಾ-ರಸ್ಕು.

ಎರಡೂ ಕಡೆ ಎಡವಿದ್ದು ಕ್ರಮದಲ್ಲಿ. ಅಡಿಕೆ ಮರದ ಬುಡಕ್ಕೆ ವರ್ಷದ ಗೊಬ್ಬರವನ್ನೆಲ್ಲ ಒಂದೇ ದಿನ ಸುರಿಯುವುದಿಲ್ಲ, ಅಲ್ವಾ? ಇಲ್ಲಿಯೂ ಹಾಗೆಯೇ. ಮೊದಲು ಹಾಳಾಗುವುದನ್ನು ನಿಲ್ಲಿಸಬೇಕು, ಆಮೇಲೆ ನಿಧಾನಕ್ಕೆ ಉಣಿಸಬೇಕು.

ಈ ಬರಹ 6 ತಿಂಗಳಿಂದ 3 ವರ್ಷದವರೆಗಿನ ಮಕ್ಕಳ ಮನೆಯವರಿಗೆ. ದೊಡ್ಡ ಮಕ್ಕಳಿಗೂ ಇದೇ ಕ್ರಮ ನಡೆಯುತ್ತದೆ, ಅಳತೆ ಮಾತ್ರ ಬೇರೆ. ಅವಧಿಗೆ ಮುಂಚೆ ಹುಟ್ಟಿದ ಮಗು, ಹೃದಯದ ಅಥವಾ ಕರುಳಿನ ತೊಂದರೆ ಇರುವ ಮಗು, ತೂಕ ತೀರಾ ಕಡಿಮೆ ಇರುವ ಮಗು ಆದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ.

## ಎಷ್ಟು ನಂಬಬೇಕು?

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎರಡು ತಿಂಗಳಾದ ಮೇಲೆ "ಮಗು ಇನ್ನೂ ಎಬಿಸಿಡಿ ಹೇಳುವುದಿಲ್ಲ" ಎಂದು ನನ್ನನ್ನು ಬೈಯುತ್ತೀರಿ.

ಕರುಳಿನ ಬ್ಯಾಕ್ಟೀರಿಯಾಗಳು ನಮಗೆ ಅರಗದ ನಾರನ್ನು ತಿಂದು ಬ್ಯುಟಿರೇಟ್, ಪ್ರೊಪಿಯೋನೇಟ್, ಅಸಿಟೇಟ್ ಎಂಬ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಗೋಡೆ ಗಟ್ಟಿಯಾಗಿರಲು, ಉರಿಯೂತ ಹತೋಟಿಯಲ್ಲಿರಲು ಅವು ಬೇಕು. ಕರುಳಿಗೂ ಮಿದುಳಿಗೂ ವೇಗಸ್ ಎಂಬ ನರದ ಸಂಪರ್ಕವಿದೆ. 2004ರಲ್ಲಿ ಜಪಾನಿನ ವಿಜ್ಞಾನಿಗಳು ಬ್ಯಾಕ್ಟೀರಿಯಾವೇ ಇಲ್ಲದೆ ಬೆಳೆಸಿದ ಇಲಿಗಳನ್ನು ನೋಡಿದರು. ಅವು ಸಣ್ಣ ಒತ್ತಡಕ್ಕೂ ಜಾಸ್ತಿ ಬೆದರುತ್ತಿದ್ದವು. ಎಳವೆಯಲ್ಲೇ ಒಂದು ಬಗೆಯ ಬೈಫಿಡೋಬ್ಯಾಕ್ಟೀರಿಯಾ ಕೊಟ್ಟಾಗ ಅದು ಸರಿಯಾಯಿತು.

ಮಕ್ಕಳಲ್ಲಿ? 2018ರಲ್ಲಿ ಪ್ರಕಟವಾದ, ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಅಧ್ಯಯನದಲ್ಲಿ 89 ಮಕ್ಕಳ ಮಲವನ್ನು ಒಂದು ವರ್ಷ ವಯಸ್ಸಿನಲ್ಲಿ ಪರೀಕ್ಷಿಸಿ, ಎರಡು ವರ್ಷ ವಯಸ್ಸಿನಲ್ಲಿ ಕಲಿಕೆಯ ಪರೀಕ್ಷೆ ಮಾಡಿದರು. ಬ್ಯಾಕ್ಟಿರಾಯ್ಡಿಸ್ ಎಂಬ ಬಗೆ ಜಾಸ್ತಿ ಇದ್ದ ಮಕ್ಕಳ ಅಂಕ ಮೇಲಿತ್ತು. ಆದರೆ ಒಂದು ವರ್ಷ ವಯಸ್ಸಿನಲ್ಲೇ ಬಗೆಬಗೆಯ ಬ್ಯಾಕ್ಟೀರಿಯಾ ಹೆಚ್ಚಿದ್ದ ಮಕ್ಕಳ ಅಂಕ ಕಡಿಮೆಯಿತ್ತು! ಎಲ್ಲರೂ ನಿರೀಕ್ಷಿಸಿದ್ದು ಇದರ ಉಲ್ಟಾ. ಇವು ಒಟ್ಟಿಗೆ ಕಂಡ ಸಂಗತಿಗಳು, ಒಂದರಿಂದ ಇನ್ನೊಂದು ಆಯಿತು ಎಂಬುದಕ್ಕೆ ಸಾಕ್ಷಿ ಅಲ್ಲ. ಆದರೂ ಹತ್ತು ಬಗೆಯ ಬ್ಯಾಕ್ಟೀರಿಯಾ ತುಂಬಿದ ಡಬ್ಬ ತರುವ ಮೊದಲು ಇದು ನೆನಪಿರಲಿ.

ಹಾಗಾಗಿ ಬುದ್ಧಿ ಹೆಚ್ಚಿಸುವ ಊಟ ಎಂಬುದು ಇಲ್ಲ. ಮಗುವಿಗೆ ಪದೇ ಪದೇ ಭೇದಿ ಆಗದೆ, ತಿಂದದ್ದು ಮೈಗೆ ಹತ್ತಿ, ಕಬ್ಬಿಣದ ಕೊರತೆ ಇಲ್ಲದೆ ಇದ್ದರೆ ಮಿದುಳು ಬೆಳೆಯಲು ಅಡ್ಡಿ ಕಡಿಮೆ. ಮೂರು ವರ್ಷದ ಹೊತ್ತಿಗೆ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ದೊಡ್ಡವರ ಹಾಗಾಗುತ್ತದೆ. ಅದಕ್ಕೇ ಈ ವಯಸ್ಸಿನ ಮಾತು.

## ಏನೇನು ಬೇಕು?

ಒಂದು ನೋಟುಪುಸ್ತಕ. ಒಂದು ಟೀ ಚಮಚ, ಯಾವಾಗಲೂ ಅದೇ ಚಮಚ. ಮುಚ್ಚಳವಿರುವ ಸ್ಟೀಲ್ ಪಾತ್ರೆ ಎರಡು. ಲಸಿಕೆಯ ಕಾರ್ಡು, ಅಂಗನವಾಡಿಯ ತೂಕದ ಪಟ್ಟಿ. ಪಟ್ಟಿ ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ ಗೆರೆ ನೋಡಿ ಸಾಕು. ಮಗುವಿನ ಚುಕ್ಕಿಗಳು ಮೇಲಕ್ಕೆ ಹೋಗುತ್ತಿವೆಯೇ, ಅಡ್ಡ ಮಲಗಿವೆಯೇ, ಕೆಳಗೆ ಇಳಿದಿವೆಯೇ ಎಂದು ಟೀಚರ ಹತ್ತಿರವೂ ಕೇಳಿ. ನಾಚಿಕೆ ಬೇಡ.

ಹುಡಿ, ಸಿರಪ್, ಮಲ ಪರೀಕ್ಷೆಯ ಆನ್‌ಲೈನ್ ಕಿಟ್ ಬೇಡ. ಆ ಕಿಟ್ ಹೇಳುವುದನ್ನು ಮನೆಯ ಅಡುಗೆಗೆ ಇಳಿಸುವ ದಾರಿ ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ.

## ಹಂತ 1: ಒಂದು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಎಲ್ಲರೂ ಹಾರಿಸಿಬಿಡುವುದು ಇದನ್ನೇ. ಏಳು ದಿನ ಮಗು ತಿಂದದ್ದೆಲ್ಲ ಬರೆಯಿರಿ. ಅಜ್ಜಿ ಕೊಟ್ಟ ಬಿಸ್ಕೆಟ್, ಅಂಗಡಿಯಿಂದ ಬರುವಾಗ ಮಾವ ತಂದ ಚಿಪ್ಸ್ ಕೂಡ. ಪಕ್ಕದಲ್ಲಿ ಮಲದ ಲೆಕ್ಕ: ಎಷ್ಟು ಸಲ, ಆಡಿನ ಹಿಕ್ಕೆಯ ಹಾಗೆಯೇ, ಬಾಳೆಹಣ್ಣಿನ ಹಾಗೆಯೇ, ಗಂಜಿಯ ಹಾಗೆಯೇ, ನೀರೇ. ಬಾಳೆಹಣ್ಣಿನ ಹಾಗೆ ಮೆತ್ತಗೆ, ಉದ್ದಕ್ಕೆ ಬಂದರೆ ಒಳ್ಳೆಯದು. ಎದೆಹಾಲು ಮಾತ್ರ ಕುಡಿಯುವ ಕೂಸಿನದ್ದು ತೆಳ್ಳಗೆ ಹಳದಿ ಇರುತ್ತದೆ. ಅದು ಭೇದಿ ಅಲ್ಲ.

ಈ ವಾರದ ಪುಟ ಇಲ್ಲದಿದ್ದರೆ ಮುಂದೆ ಹೊಟ್ಟೆ ಕೆಟ್ಟಾಗ ಕಾರಣ ಸಿಗುವುದಿಲ್ಲ. ಎಲ್ಲರೂ ಮೊಸರನ್ನೇ ಬೈಯುತ್ತಾರೆ.

ಮಗುವಿಗೆ ಇನ್ನೂ 6 ತಿಂಗಳಾಗಿಲ್ಲ ಎಂದರೆ ಇಲ್ಲಿಯೇ ನಿಲ್ಲಿ. ಎದೆಹಾಲು ಮಾತ್ರ ಕೊಡಿ. ಎದೆಹಾಲಿನಲ್ಲಿ ಮಗುವಿಗೇ ಅರಗದ ಇನ್ನೂರಕ್ಕೂ ಹೆಚ್ಚು ಬಗೆಯ ಸಕ್ಕರೆಗಳಿವೆ. ಅವು ಬೈಫಿಡೋಬ್ಯಾಕ್ಟೀರಿಯಾದ ಊಟ. ತಾಯಿ ಇಬ್ಬರಿಗೆ ಉಣಿಸುತ್ತಿದ್ದಾಳೆ ಎನ್ನಿ. ಸಿಸೇರಿಯನ್ ಆದ ಮಕ್ಕಳಲ್ಲಿ ಮೊದಮೊದಲು ಕೆಲವು ಬಗೆ ಕಡಿಮೆ ಇರುತ್ತವೆ. ಅದಕ್ಕೂ ಎದೆಹಾಲೇ ಮದ್ದು. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ತೊಟ್ಟಿಲಿಗೆ ಹಾಕುವ ದಿನ ಜೇನು ಮುಟ್ಟಿಸುವುದು ಬೇಡ. ಜೇನಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಬೊಟುಲಿಸಮ್ ಎಂಬ ಕಾಯಿಲೆ ಬರಬಹುದು, ಅದು ನರಗಳಿಗೇ ಹೊಡೆಯುತ್ತದೆ. "ನಾವೆಲ್ಲ ಜೇನು ನೆಕ್ಕಿಯೇ ಬೆಳೆದದ್ದು" ಎನ್ನುವ ದೊಡ್ಡಮ್ಮನ ಹತ್ತಿರ ವಾದ ಮಾಡಬೇಡಿ. ಡಾಕ್ಟರು ಬೇಡ ಅಂದಿದ್ದಾರೆ ಎನ್ನಿ, ಮುಗಿಯಿತು.

## ಹಂತ 2: ಆಂಟಿಬಯೋಟಿಕ್‌ನ ಲೆಕ್ಕ ತೆಗೆಯಿರಿ

ನಾನೇ ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ. ಮಗನಿಗೆ ಎರಡು ವರ್ಷವಾಗಿದ್ದಾಗ ಒಂದೇ ಮಳೆಗಾಲದಲ್ಲಿ ಮೂರು ಸಲ ಶೀತ. ಮೂರು ಸಲವೂ ಮೆಡಿಕಲಿಗೆ ಹೋಗಿ "ಕಳೆದ ಸಲದ್ದೇ ಕೊಡಿ" ಎಂದು ಸಿರಪ್ ತಂದೆ. ಅದು ಆಂಟಿಬಯೋಟಿಕ್ ಎಂದು ಮೂರನೆಯ ಸಲ ಲೇಬಲ್ ಓದಿದಾಗಲೇ ಗೊತ್ತಾದದ್ದು. ಶೀತ ವೈರಸ್ಸಿನಿಂದ ಬರುವುದು, ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಕ್ಕೆ ಮಾತ್ರ ಮಾಡುತ್ತದೆ. ಅವನ ಹೊಟ್ಟೆ ಸರಿಯಾಗಲು ದೀಪಾವಳಿ ಆಯಿತು.

ಈಗ ಮಾಡಬೇಕಾದದ್ದು ಇಷ್ಟು. ಕಳೆದ ಒಂದು ವರ್ಷದ ಚೀಟಿಗಳನ್ನೆಲ್ಲ ಹುಡುಕಿ, ದಿನಾಂಕ ಮತ್ತು ಮದ್ದಿನ ಹೆಸರನ್ನು ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆಯಿರಿ. ಇದು ನಮ್ಮ ಗಡಿಯವರಿಗೆ ಜಾಸ್ತಿ ಮುಖ್ಯ. ನಾವು ಸೋಮವಾರ ಉಪ್ಪಳದಲ್ಲಿ ತೋರಿಸುತ್ತೇವೆ, ಜ್ವರ ಇಳಿಯದಿದ್ದರೆ ಬುಧವಾರ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಇಲ್ಲಿ ಬರೆದದ್ದು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಒಂದೇ ಮದ್ದು ಎರಡು ಕಂಪನಿಯ ಹೆಸರಿನಲ್ಲಿ ಮನೆಯಲ್ಲಿ ಕೂತಿರುತ್ತದೆ. ಎರಡನ್ನೂ ಕೊಟ್ಟವರಿದ್ದಾರೆ. ನೋಟುಪುಸ್ತಕವನ್ನು ಎರಡೂ ಕಡೆ ಒಯ್ಯಿರಿ.

ಗುರುತಿಸುವುದು ಹೇಗೆ? ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಎಳೆದಿದ್ದರೆ ಅದು ಚೀಟಿ ಇಲ್ಲದೆ ಕೊಳ್ಳಬಾರದ ಮದ್ದು. ಯಾವ ಭಾಷೆಯೂ ಓದಬೇಕಾಗಿಲ್ಲ. ಸಿರಪ್ ಆದರೆ "ಇದರಲ್ಲಿ ಆಂಟಿಬಯೋಟಿಕ್ ಇದೆಯಾ?" ಎಂದು ನೇರ ಕೇಳಿ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳ ಸರಕಾರ 2024ರಲ್ಲಿ ಆಪರೇಷನ್ ಅಮೃತ್ ಎಂದು ತಪಾಸಣೆ ಶುರು ಮಾಡಿದೆ. ಅಂಗಡಿಯವರು ಕೊಡುವುದಿಲ್ಲ ಎಂದರೆ ಸಿಟ್ಟು ಮಾಡಬೇಡಿ.

ಇನ್ನೊಂದು ಬದಿಯ ತಪ್ಪೂ ಇದೆ. ಇದನ್ನು ಓದಿ, ಡಾಕ್ಟರು ಕೊಟ್ಟ ಆಂಟಿಬಯೋಟಿಕನ್ನು ಮೂರನೇ ದಿನ ಸುಮ್ನೆ ನಿಲ್ಲಿಸಬೇಡಿ. ನ್ಯುಮೋನಿಯಾ, ಮೂತ್ರದ ಸೋಂಕು, ಟೈಫಾಯ್ಡ್ ಇದ್ದರೆ ಅದು ಬೇಕೇ ಬೇಕು. ಹೇಳಿದಷ್ಟು ದಿನ ಕೊಡಿ.

ಕೋರ್ಸ್ ಮುಗಿದ ಮೇಲೆ ಪ್ರೋಬಯೋಟಿಕ್ ಬೇಕೇ? ಆಂಟಿಬಯೋಟಿಕ್ ಜೊತೆ ಬರುವ ಭೇದಿ ತಡೆಯಲು ಕೆಲವು ಬಗೆ ಸಹಾಯ ಮಾಡುತ್ತವೆ. ಡಾಕ್ಟರು ಅದಕ್ಕಾಗಿ ಬರೆದರೆ ಕೊಡಿ. ಆದರೆ ತಿಂಗಳುಗಟ್ಟಲೆ ಬೇಡ. 2018ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ದೊಡ್ಡವರ ಮೇಲೆ ಪರೀಕ್ಷಿಸಿದಾಗ, ಪ್ರೋಬಯೋಟಿಕ್ ತೆಗೆದುಕೊಂಡವರ ಸ್ವಂತ ಬ್ಯಾಕ್ಟೀರಿಯಾ ಮರಳಲು ತೆಗೆದುಕೊಳ್ಳದವರಿಗಿಂತ ಹೆಚ್ಚು ಸಮಯ ಹಿಡಿಯಿತು. ಹೊಸಬರು ಜಾಗ ಹಿಡಿದು ಕೂತರೆ ಹಳಬರು ಎಲ್ಲಿಗೆ ಬರಬೇಕು?

## ಹಂತ 3: ನೀರು ಮತ್ತು ಕೈ

ಚಿಕ್ಕ ಹಂತ, ಆದರೆ ಬಿಟ್ಟರೆ ಉಳಿದದ್ದೆಲ್ಲ ನೀರುಪಾಲು. ತಿಂಗಳಿಗೊಮ್ಮೆ ಭೇದಿಯಾಗುವ ಮಗುವಿಗೆ ಯಾವ ನಾರೂ ಹತ್ತುವುದಿಲ್ಲ.

ನಮ್ಮಲ್ಲಿ ಬಾವಿ, ಗುಡ್ಡಕ್ಕೆ ಕೊರೆದ ಸುರಂಗದ ನೀರು. ಜೂನಿನ ಮೊದಲ ಮಳೆಗೆ ಬಾವಿ ಕಲಕುತ್ತದೆ. ನೀರನ್ನು ಬಳಬಳ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಇಲ್ಲಿಯ ಮಾಮೂಲು ತಪ್ಪು ಯಾವುದು ಗೊತ್ತಾ? ಜೀರಿಗೆ ಹಾಕಿ ಚೆನ್ನಾಗಿ ಕುದಿಸುವುದು, ಬಿಸಿ ಜಾಸ್ತಿಯಾಯಿತೆಂದು ಅರ್ಧ ತಂಬಿಗೆ ಹಸಿ ನೀರು ಬೆರೆಸುವುದು. ಕುದಿಸಿದ್ದೇ ದಂಡ.

ಉಣಿಸುವ ಮೊದಲು, ಮಗುವಿನ ಕುಂಡೆ ತೊಳೆದ ಮೇಲೆ, ಹಟ್ಟಿಯಿಂದ ಬಂದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಮಗು ಅಂಗಳದ ಮಣ್ಣಿನಲ್ಲಿ ಆಡಿದರೆ ಬಿಡಿ, ಆಡಲಿ. ಊಟಕ್ಕೆ ಮೊದಲು ಕೈ ತೊಳೆಸಿದರೆ ಆಯಿತು.

## ಹಂತ 4: ನಾರು, ವಾರಕ್ಕೆ ಒಂದೇ ಹೊಸ ಪದಾರ್ಥ

ಹೆಚ್ಚಿನವರು ಸೋಲುವುದು ಇಲ್ಲಿ. ನಾರು ತಿನ್ನುವ ಬ್ಯಾಕ್ಟೀರಿಯಾ ಮೊದಲು ಕಡಿಮೆ ಇರುತ್ತವೆ. ಊಟ ಸಿಕ್ಕಿದ ಹಾಗೆ ಹೆಚ್ಚುತ್ತವೆ. ಒಮ್ಮೆಗೇ ಜಾಸ್ತಿ ಹಾಕಿದರೆ ಗ್ಯಾಸ್. ಅದಕ್ಕೆ ನಿಯಮ ಒಂದೇ: ಮೊದಲ ಮೂರು ದಿನ 1 ಚಮಚ, ಆಮೇಲಿನ ನಾಲ್ಕು ದಿನ 2 ಚಮಚ. ಮಲ ಸರಿ ಇದ್ದರೆ ಮುಂದಿನ ವಾರ ಇನ್ನೊಂದು ಪದಾರ್ಥ. ಹಳೆಯದು ಮುಂದುವರಿಯುತ್ತದೆ, ನಿಧಾನಕ್ಕೆ ಹೆಚ್ಚುತ್ತದೆ.

ಮೊದಲ ವಾರ, ಬಾಳೆಕಾಯಿ ಹುಡಿ. ನೇಂದ್ರ ಕಾಯಿಯ ಸಿಪ್ಪೆ ತೆಗೆದು ತೆಳ್ಳಗೆ ಕೊಚ್ಚಿ, ಬಿಸಿಲಲ್ಲಿ ಕಟಕಟ ಆಗುವವರೆಗೆ ಒಣಗಿಸಿ ಹುಡಿ ಮಾಡಿ, ಜರಡಿ ಹಿಡಿಯಿರಿ. ನೆರೆಯ ಮಲಯಾಳಿ ಮನೆಗಳಲ್ಲಿ ಕುನ್ನನ್ ಎಂಬ ಬಾಳೆಕಾಯಿಯದ್ದನ್ನು ಮಾಡುತ್ತಾರೆ, ಅದೂ ಆಗುತ್ತದೆ. ಹುಡಿಯನ್ನು ತಣ್ಣೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಮಗುಚಿ. ಇದರಲ್ಲಿ ಸುಲಭಕ್ಕೆ ಅರಗದ ಪಿಷ್ಟವಿದೆ. ಬೆಂದಾಗ ಒಂದಷ್ಟು ಕಡಿಮೆಯಾಗುತ್ತದೆ, ಆರಿದಾಗ ಸ್ವಲ್ಪ ಮರಳುತ್ತದೆ. ಹಾಗಾಗಿ ಸುಡುಸುಡು ಬೇಡ, ಉಗುರುಬೆಚ್ಚಗೆ ಕೊಡಿ. ಕೆಲವು ಮಕ್ಕಳಿಗೆ ಮಲ ಗಟ್ಟಿಯಾಗುತ್ತದೆ. ಆಗ ನಿಲ್ಲಿಸಿ, ಪಪ್ಪಾಯಿ ಹಣ್ಣಿನಿಂದ ಶುರು ಮಾಡಿ.

ಎರಡನೇ ವಾರ, ಸಿಪ್ಪೆ ಇರುವ ಹೆಸರು. ರಾತ್ರಿ ನೆನೆಹಾಕಿ, ಮರುದಿನ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಮಸೆದು ಕುಚ್ಚಿಲಕ್ಕಿ ಗಂಜಿಗೆ ಬೆರೆಸಿ. ಮೊಳಕೆ ಬರಿಸಿದರೆ ಗ್ಯಾಸ್ ಕಡಿಮೆ.

ಮೂರನೇ ವಾರ, ಸೊಪ್ಪು. ಹರಿವೆ, ಬಸಳೆ, ನುಗ್ಗೆ. ನುಣ್ಣಗೆ ಕೊಚ್ಚಿ ಬೇಯಿಸಿ. ದಂಟು ಬೇಡ.

ನಾಲ್ಕನೇ ವಾರ, ಅಲಸಂಡೆ ಕಾಳು ಅಥವಾ ಕಡಲೆ. ಹುರುಳಿ ಮತ್ತು ಹಲಸಿನ ಬೀಜ ಕೊನೆಗೆ. ಬೇಯಿಸಿ ಮಸೆದ ಹಲಸಿನ ಬೀಜ ಒಳ್ಳೆಯದೇ, ಆದರೆ ಗ್ಯಾಸ್ ಮಾಡುವುದರಲ್ಲಿ ಅದನ್ನು ಮೀರಿದ್ದಿಲ್ಲ.

ಇಡೀ ಕಡಲೆ, ಇಡೀ ನೆಲಗಡಲೆಯನ್ನು ನಾಲ್ಕು ವರ್ಷದ ಒಳಗಿನ ಮಕ್ಕಳ ಕೈಗೆ ಕೊಡಲೇಬೇಡಿ. ಉಸಿರ ಕೊಳವೆಗೆ ಹೋಗುತ್ತದೆ. ಹುಡಿ ಮಾಡಿ ಅಥವಾ ಮಸೆದು ಕೊಡಿ. ನೆಲಗಡಲೆ ಮೊದಲ ಸಲ ಕೊಡುವಾಗ ಚಮಚದ ತುದಿಯಷ್ಟು, ಹಗಲು ಹೊತ್ತಿನಲ್ಲಿ. ಮೈಯೆಲ್ಲ ದದ್ದು, ತುಟಿ ಊತ, ಉಸಿರುಕಟ್ಟು ಕಂಡರೆ ತಕ್ಷಣ ಆಸ್ಪತ್ರೆಗೆ.

### ಅಮೃತಂ ಹುಡಿಯನ್ನು ಹಸುವಿಗೆ ಹಾಕಬೇಡಿ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಂಗನವಾಡಿಯಿಂದ 6 ತಿಂಗಳಿಂದ 3 ವರ್ಷದ ಮಕ್ಕಳಿಗೆ ಅಮೃತಂ ಪೊಡಿ ಸಿಗುತ್ತದೆ. ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪಿನ ಘಟಕಗಳು ತಯಾರಿಸುತ್ತವೆ. ಅದರ ಪಾಕ ತಯಾರಾದದ್ದು ನಮ್ಮದೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ. ಅದರಲ್ಲಿರುವುದು ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ. ಅದನ್ನು ಅಕ್ಕಚ್ಚಿಗೆ ಬೆರೆಸಿ ಹಸುವಿಗೆ ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ಮಗುವಿಗೆ ಮಾತ್ರ ಅಂಗಡಿಯ ದುಬಾರಿ ಡಬ್ಬ.

ಈಗ ಇದನ್ನು ಕೇಳಿ. ಢಾಕಾದ ಮೀರ್‌ಪುರದಲ್ಲಿ ಸರಿಯಾಗಿ ಬೆಳೆಯದ ಮಕ್ಕಳಿಗೆ, ಅವರ ಕರುಳಿನ ಬ್ಯಾಕ್ಟೀರಿಯಾವನ್ನೇ ಗುರಿಯಿಟ್ಟು ಒಂದು ಆಹಾರ ಮಾಡಿದರು. ಅದರ ಮುಖ್ಯ ಸಾಮಾನು ನಾಲ್ಕು: ಕಡಲೆ, ನೆಲಗಡಲೆ, ಸೋಯಾ, ಬಾಳೆಕಾಯಿ. 12ರಿಂದ 18 ತಿಂಗಳ ಸುಮಾರು 120 ಮಕ್ಕಳ ಮೇಲೆ ಮೂರು ತಿಂಗಳು ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂತು. ಹೆಚ್ಚು ಕ್ಯಾಲೊರಿಯ ಮಾಮೂಲು ಆಹಾರ ತಿಂದವರಿಗಿಂತ ಇವರ ತೂಕ ಚೆನ್ನಾಗಿ ಏರಿತ್ತು. ರಕ್ತದಲ್ಲಿ ಎಲುಬು ಮತ್ತು ನರಗಳ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳೂ ಹೆಚ್ಚಿದ್ದವು.

ನಾಲ್ಕರಲ್ಲಿ ಮೂರು ಅಮೃತಂನಲ್ಲಿದೆ, ನಾಲ್ಕನೆಯದು ತೋಟದಲ್ಲಿ! ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಳತೆ ಬೇರೆ, ಅದರಲ್ಲಿ ವಿಟಮಿನುಗಳಿದ್ದವು, ಆ ಮಕ್ಕಳ ಸ್ಥಿತಿ ಬೇರೆ. ಆದರೆ ಕಡಲೆ, ನೆಲಗಡಲೆ ಎರಡೂ ಮಗುವಿಗೆ ಒಗ್ಗಿದ ಮೇಲೆ 3 ಚಮಚ ಅಮೃತಂ, 1 ಚಮಚ ಬಾಳೆಕಾಯಿ ಹುಡಿ ಸೇರಿಸಿ ಚೆನ್ನಾಗಿ ಬೇಯಿಸಿ ಕೊಡಲು ಯಾವ ಅಡ್ಡಿಯೂ ಇಲ್ಲ. ಅದರಲ್ಲಿ ಸಕ್ಕರೆ ಇದೆ, ಮತ್ತೆ ಬೆಲ್ಲ ಹಾಕಬೇಡಿ. ಹಸಿ ಹುಡಿಯನ್ನು ಹಾಲಿಗೆ ಕಲಸಿ ಕೊಡಬೇಡಿ.

## ಹಂತ 5: ಮೊಸರು, ಮಜ್ಜಿಗೆ, ತಂಬುಳಿ

ನಾರು ಒಂದು ಹದಕ್ಕೆ ಬಂದ ಮೇಲೆ ಮೊಸರು. ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ಮನೆ ಮಾಡುವುದಿಲ್ಲ, ನೆಂಟರ ಹಾಗೆ ಬಂದು ಹೋಗುತ್ತವೆ. ಅದಕ್ಕೆ ದಿನಾ ಸ್ವಲ್ಪ ಬೇಕು. ಮನೆಯಲ್ಲೇ ಹೆಪ್ಪು ಹಾಕಿದ, ಹುಳಿ ಬಾರದ ಮೊಸರು, 2 ಚಮಚದಿಂದ ಶುರು ಮಾಡಿ. ಕುದಿಯುವ ಅನ್ನಕ್ಕೆ ಹಾಕಿದರೆ ಅವು ಸಾಯುತ್ತವೆ, ಅನ್ನ ಆರಲಿ.

ಒಂದು ವರ್ಷದ ಒಳಗೆ ಮೊಸರು ಆಗಬಹುದು, ಆದರೆ ದನದ ಹಾಲನ್ನು ಮುಖ್ಯ ಆಹಾರ ಮಾಡಬಾರದು.

ಒಂದೆಲಗದ ತಂಬುಳಿ ಕೊಟ್ಟರೆ ಬುದ್ಧಿ ಚುರುಕಾಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ತಂಬುಳಿ ರುಚಿ, ಮಜ್ಜಿಗೆ ಇದೆ, ಸೊಪ್ಪು ಇದೆ. ಮೆಣಸು ಹಾಕದೆ ಕೊಡಿ. ಪರೀಕ್ಷೆಯ ಅಂಕಕ್ಕೂ ಅದಕ್ಕೂ ಗಂಟು ಹಾಕಬೇಡಿ.

ತಂಗಳನ್ನ? ದೊಡ್ಡವರು ಉಣ್ಣಿ. ಎರಡು ವರ್ಷದ ಒಳಗಿನವರಿಗೆ ಬೇಡ. ನಮ್ಮ ಸೆಕೆಗೆ ಹೊರಗಿಟ್ಟ ಅನ್ನದಲ್ಲಿ ವಾಂತಿ ಬರಿಸುವ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಮತ್ತೆ ಬಿಸಿ ಮಾಡಿದರೂ ಅದರ ವಿಷ ಹೋಗುವುದಿಲ್ಲ.

## ಹಂತ 6: ಕಬ್ಬಿಣವನ್ನು ಮರೆಯಬೇಡಿ

ಮಿದುಳಿನ ವಿಷಯದಲ್ಲಿ ಬ್ಯಾಕ್ಟೀರಿಯಾಕ್ಕಿಂತ ಗಟ್ಟಿ ಸಾಕ್ಷಿ ಇರುವುದು ಕಬ್ಬಿಣಕ್ಕೆ. ರಕ್ತಹೀನತೆ ಇರುವ ಮಗುವಿನ ಗಮನ, ಕಲಿಕೆ ಎರಡೂ ಕುಗ್ಗುತ್ತದೆ. 6 ತಿಂಗಳಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಎಂಎಲ್ ಕಬ್ಬಿಣದ ಸಿರಪ್ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಸಿರಪ್ ಕೊಟ್ಟಾಗ ಮಲ ಕಪ್ಪಾಗುತ್ತದೆ, ಹೆದರಬೇಡಿ. ಜ್ವರ, ಭೇದಿ ಇರುವ ದಿನ ಕೊಡಬೇಡಿ.

ಬೂತಾಯಿ ಮೀನು, ಮೊಟ್ಟೆ ತಿನ್ನುವ ಮನೆಯವರಿಗೆ ಕೆಲಸ ಸುಲಭ. ಮುಳ್ಳು ತೆಗೆದು ಕೊಟ್ಟರೆ ಆಯಿತು. ತಿನ್ನದವರು ಕಾಳು, ಸೊಪ್ಪಿನ ಜೊತೆ ನಾಲ್ಕು ಹನಿ ಲಿಂಬೆ ಅಥವಾ ಒಂದು ತುಂಡು ಪೇರಳೆ ಕೊಡಿ. ಚಹಾಕ್ಕೆ ರಸ್ಕು ಅದ್ದಿ ಕೊಡುವುದನ್ನು ಇವತ್ತೇ ಬಿಡಿ. ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಕ್ಕಳಲ್ಲೂ ಕಬ್ಬಿಣ ಕಡಿಮೆಯಾಗುತ್ತದೆ, ಊಟವೂ ಸೇರುವುದಿಲ್ಲ.

## ನಡುವೆ ಹೊಟ್ಟೆ ಕೆಟ್ಟರೆ

ಸ್ವಲ್ಪ ಗ್ಯಾಸ್, ಮಗು ಆಟವಾಡಿಕೊಂಡಿದೆ: ಹೊಸ ಪದಾರ್ಥವನ್ನು ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ನಾಲ್ಕು ದಿನ ನೋಡಿ.

ಭೇದಿ ಶುರುವಾಯಿತು: ಹೊಸದನ್ನೆಲ್ಲ ನಿಲ್ಲಿಸಿ. ಎದೆಹಾಲು, ಗಂಜಿ ಮುಂದುವರಿಸಿ. ಉಪವಾಸ ಹಾಕಬೇಡಿ. ಓಆರ್‌ಎಸ್ ದೊಡ್ಡ ಪ್ಯಾಕೆಟನ್ನು ಪೂರ್ತಿ 1 ಲೀಟರ್ ನೀರಿಗೆ ಕಲಸಿ. ಅರ್ಧ ಪ್ಯಾಕೆಟ್, ಒಂದು ಲೋಟ ಎಂಬ ಅಂದಾಜು ಅಪಾಯ. ಎರಡು ವರ್ಷದ ಒಳಗಿನವರಿಗೆ ಪ್ರತಿ ಭೇದಿಗೆ 50ರಿಂದ 100 ಎಂಎಲ್, ಚಮಚದಲ್ಲಿ. 6 ತಿಂಗಳು ದಾಟಿದ ಮಕ್ಕಳಿಗೆ ಝಿಂಕ್ 20 ಮಿಲಿಗ್ರಾಂ, 14 ದಿನ, ಭೇದಿ ನಿಂತ ಮೇಲೂ.

## ಕೂಡಲೇ ಡಾಕ್ಟರ ಹತ್ತಿರ ಹೋಗಬೇಕಾದ ಲಕ್ಷಣಗಳು

ಮಲದಲ್ಲಿ ರಕ್ತ. ಹಸಿರು ವಾಂತಿ. ಕಣ್ಣು ಗುಳಿಬಿದ್ದು ಆರು ಗಂಟೆ ಮೂತ್ರ ಇಲ್ಲದಿರುವುದು. ಕುಡಿಯಲೂ ಆಗದ ಸುಸ್ತು. ಹೊಟ್ಟೆ ಡೋಲಿನ ಹಾಗೆ ಬಿಗಿಯುವುದು. ಭೇದಿ 14 ದಿನ ಎಳೆಯುವುದು. ತೂಕದ ಗೆರೆ ಎರಡು ತಿಂಗಳು ಏರದೆ ಇರುವುದು.

ಇನ್ನೊಂದು ಬಗೆಯ ಲಕ್ಷಣಗಳಿವೆ. ಇವನ್ನು ಊಟದಿಂದ ಸರಿಮಾಡಲು ಹೋಗಿ ತಿಂಗಳು ಕಳೆಯಬೇಡಿ. ಒಂದು ವರ್ಷವಾದರೂ ತೊದಲು ಇಲ್ಲ, ಬೆರಳು ತೋರಿಸುವುದಿಲ್ಲ. 16 ತಿಂಗಳಿಗೂ ಒಂದು ಪದ ಇಲ್ಲ. ಎರಡು ವರ್ಷಕ್ಕೂ "ಅಮ್ಮ ಬಾ" ಎಂಬ ಹಾಗೆ ಎರಡು ಪದ ಕೂಡಿಸುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಬರುತ್ತಿದ್ದ ಮಾತು, ನಡಿಗೆ ಹೋಯಿತು. ಮನೆಯಲ್ಲಿ ಕನ್ನಡ, ತುಳು, ಹೊರಗೆ ಮಲಯಾಳ, ಅದಕ್ಕೇ ಮಾತು ತಡ ಎಂದು ಸಮಾಧಾನ ಮಾಡಿಕೊಳ್ಳುವವರು ನಮ್ಮಲ್ಲಿ ತುಂಬ. ಮೂರು ಭಾಷೆ ಕೇಳುವ ಮಗುವೂ ಎಲ್ಲ ಭಾಷೆ ಸೇರಿಸಿ ಎಣಿಸಿದರೆ ಅಷ್ಟು ಪದ ಹೇಳಲೇಬೇಕು.

ಎಂಡೋಸಲ್ಫಾನ್ ಕೀಟನಾಶಕದ ಪೆಟ್ಟು ಕಂಡ ಎಣ್ಮಕಜೆಯಂಥ ಊರುಗಳಿರುವ ಜಿಲ್ಲೆ ನಮ್ಮದು. ಬೆಳವಣಿಗೆ ತಡವಾದ ಮಗುವಿನ ಮನೆಗೆ "ಕರುಳು ಶುದ್ಧಿ" ಪ್ಯಾಕೇಜು ಹಿಡಿದುಕೊಂಡು ಬರುವವರಿಗೆ ಬಾಗಿಲು ತೆರೆಯಬೇಡಿ. ಹತ್ತಿರದ ಫ್ಯಾಮಿಲಿ ಹೆಲ್ತ್ ಸೆಂಟರಿಗೆ ಹೋಗಿ, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರಕಾರಿ ಯೋಜನೆ) ತಪಾಸಣೆ ಬೇಕು ಎಂದು ಕೇಳಿ. ಅಲ್ಲಿಂದ ಜಿಲ್ಲೆಯ ಡಿಇಐಸಿ ಕೇಂದ್ರಕ್ಕೆ (ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರ) ಕಳಿಸುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಹೋಗುವಾಗ ಲಸಿಕೆ ಕಾರ್ಡು, ತೂಕದ ಪಟ್ಟಿ, ಮತ್ತು ಆ ನೋಟುಪುಸ್ತಕ ಚೀಲದಲ್ಲಿರಲಿ.